ಸಾವಿಗಿಂತ ಮೊದಲೇ ಹೊರಟ ಸುದ್ದಿ

“ಮತ್ತೆ ಸತ್ತುಹೋಯ್ತು ಅತ್ತಿಗೆ,” ಎಂದ ಮೈದುನ, ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ.

ಒಣಗಿದ ಬಟ್ಟೆ ಮಡಿಸುತ್ತಿದ್ದ ಇನ್‌ಸ್ಪೆಕ್ಟರಮ್ಮನ ಕೈ ಅಲ್ಲೇ ನಿಂತಿತು. “ಯಾರೋ?”

“ಯಾರೂ ಅಲ್ಲ. ಸುದ್ದಿ. ಕಾರ್ಖಾನೆಯ ಹೊಲಿಗೆ ಹಾಲ್‌ನ ಅರ್ಧಕ್ಕೆ ಬಂದು ಉಸಿರು ಬಿಡ್ತು.”

“ಬಿಡ್ತು ಅನ್ನು! ನನಗಿರೋ ಒಂದು ಹೆಣವೇ ಸಾಕಾಗಿದೆ.”

ಆ ಒಂದು ಹೆಣ ಸಿದ್ಧ ಉಡುಪಿನ ಕಾರ್ಖಾನೆಯ ಕಟಿಂಗ್ ಮಾಸ್ಟರದು. ಸರಕು ಸಾಗಿಸುವ ಲಿಫ್ಟಿನ ಗುಂಡಿಯಲ್ಲಿ ಸಿಕ್ಕಿತ್ತು. ತಾವಾಗಿ ಬಿದ್ದರೋ, ಯಾರಾದರೂ ತಳ್ಳಿದರೋ, ಇನ್ನೂ ಗೊತ್ತಾಗಿರಲಿಲ್ಲ.

ಗೊತ್ತಾಗುವ ಲಕ್ಷಣವೂ ಕಾಣುತ್ತಿರಲಿಲ್ಲ. ಇನ್‌ಸ್ಪೆಕ್ಟರಮ್ಮ ಇಡೀ ಕಾರ್ಖಾನೆಯನ್ನು ಒಂದೇ ಪ್ರಶ್ನೆ ಕೇಳಿ ಸುಸ್ತಾಗಿದ್ದರು: “ಮಾಸ್ಟರ್ ಬಿದ್ದ ಸುದ್ದಿ ನಿಮಗೆ ಹೇಳಿದ್ದು ಯಾರು?”

ಕಾಲರ್ ಹೊಲಿಯುವವಳು ತೋಳು ಹೊಲಿಯುವವಳನ್ನು ತೋರಿಸಿದಳು. ತೋಳಿನವಳು ಜೇಬಿನವಳನ್ನು ತೋರಿಸಿದಳು. ಜೇಬಿನವಳು ಗುಂಡಿಯವಳನ್ನು. ಗುಂಡಿಯವಳು ಆಣೆ ಪ್ರಮಾಣ ಮಾಡಿ ಮತ್ತೆ ಕಾಲರಿನವಳನ್ನೇ ತೋರಿಸಿದಳು. ಒಂದು ಇಡೀ ಅಂಗಿ ಸಿದ್ಧವಾಯಿತೇ ಹೊರತು ಸುದ್ದಿಯ ತುದಿ ಸಿಗಲಿಲ್ಲ.

ಯಾರೂ ಸುಳ್ಳು ಹೇಳುತ್ತಿದ್ದಂತೆ ಕಾಣಲಿಲ್ಲ, ಅದೇ ತಲೆನೋವು. ಸುಳ್ಳು ಹೇಳುವವರನ್ನು ಇನ್‌ಸ್ಪೆಕ್ಟರಮ್ಮ ಮೂಗಿನಿಂದಲೇ ಕಂಡುಹಿಡಿಯಬಲ್ಲರು. ಎಲ್ಲರೂ ನಿಜ ಹೇಳಿ, ಎಲ್ಲ ನಿಜವೂ ಸೇರಿ ಗೋಜಲಾದರೆ ಏನು ಮಾಡುವುದು?

ಅದಕ್ಕೇ ಮೈದುನನ ಮೊರೆ ಹೋಗಿದ್ದರು. ಅವನು ಕಾಲೇಜಿನಲ್ಲಿ ಪಾಠ ಹೇಳುವವನು. ಮನೆಯಲ್ಲಿ ಅವನಿಗೆ ‘ಗೊಂಬೆಯಾಟದವನು’ ಎಂದೇ ಹೆಸರು. ಅವನ ಕೆಲಸವೂ ಹೆಚ್ಚುಕಡಿಮೆ ಅದೇ. ಕಂಪ್ಯೂಟರಿನೊಳಗೆ ನೂರಾರು ಚುಕ್ಕಿಗಳನ್ನು ಹುಟ್ಟಿಸುತ್ತಿದ್ದ. ಒಂದೊಂದಕ್ಕೂ ಎರಡು ಮೂರು ಸಣ್ಣ ನಿಯಮ ಕೊಟ್ಟು, ಒಟ್ಟಿಗೆ ಬಿಟ್ಟು, ಏನಾಗುತ್ತದೆಂದು ನೋಡುತ್ತ ಕೂರುತ್ತಿದ್ದ. ಅಪಘಾತವೇ ಇಲ್ಲದೆ ರಸ್ತೆಯಲ್ಲಿ ವಾಹನಗಳು ಯಾಕೆ ಸಿಕ್ಕಿಕೊಂಡು ನಿಲ್ಲುತ್ತವೆ, ಯಾರೂ ಅಪ್ಪಣೆ ಕೊಡದೆ ಹಕ್ಕಿಗಳು ಒಟ್ಟಿಗೇ ಹೇಗೆ ತಿರುಗುತ್ತವೆ, ಇಂಥದ್ದೇ ಅವನ ಯೋಚನೆ.

“ಇದಕ್ಕೆ ಸಂಬಳ ಬೇರೆ ಕೊಡ್ತಾರೆ,” ಎಂದು ಅವನ ಅಣ್ಣ, ಅಂದರೆ ಇನ್‌ಸ್ಪೆಕ್ಟರಮ್ಮನ ಗಂಡ, ಒಳಗಿನಿಂದಲೇ ಹೇಳಿದರು.

“ನೀವು ಸುಮ್ನಿರಿ,” ಎಂದು ಇನ್‌ಸ್ಪೆಕ್ಟರಮ್ಮ ಕುರ್ಚಿ ಎಳೆದುಕೊಂಡು ಮೈದುನನ ಪಕ್ಕ ಕೂತರು. “ನನಗೆ ಅರ್ಥ ಆಗೋ ಹಾಗೆ ಹೇಳಪ್ಪ.”

ಪರದೆಯ ಮೇಲೆ ಕಾರ್ಖಾನೆಯನ್ನು ಸೀಳಿ ನಿಲ್ಲಿಸಿದಂತೆ ಒಂದು ಚಿತ್ರವಿತ್ತು. ತಳದಲ್ಲಿ ಗೋದಾಮು ಮತ್ತು ಲಿಫ್ಟಿನ ಗುಂಡಿ. ಅದರ ಮೇಲೆ ಹೊಲಿಗೆ ಹಾಲು. ಅದರ ಮೇಲೆ ಇಸ್ತ್ರಿ ಮತ್ತು ಪ್ಯಾಕಿಂಗು. ಎಲ್ಲಕ್ಕೂ ಮೇಲೆ ಕಟಿಂಗ್ ಹಾಲು. ಅದರ ಮೂಲೆಯಲ್ಲಿ ಮಾಸ್ಟರ ಕೋಣೆ. ಎಲ್ಲ ಕಡೆ ಬೂದು ಚುಕ್ಕಿಗಳು ತುಂಬಿದ್ದವು.

“ಈ ಚುಕ್ಕಿಗಳೇ ನಿಮ್ಮ ಹೆಂಗಸರು. ಹೊಲಿಗೆ ಮೆಷಿನ್ನಿನ ಸದ್ದಿಗೆ ಪಕ್ಕದವರ ಮಾತು ಮಾತ್ರ ಕೇಳಿಸುತ್ತೆ. ಒಬ್ಬರು ಹೇಳಿದರೆ ಅನುಮಾನ ಬರುತ್ತೆ, ಇಬ್ಬರು ಹೇಳಿದರೆ ನಂಬಿಕೆ ಬರುತ್ತೆ. ನಂಬಿದವರು ಪಕ್ಕದವರಿಗೆ ಹೇಳಿ ಎದ್ದು ಓಡ್ತಾರೆ. ಇಷ್ಟೇ ನಿಯಮ. ಸುದ್ದಿ ನಂಬಿದ ಚುಕ್ಕಿ ಕೆಂಪಾಗುತ್ತೆ.”

“ನಮ್ಮ ಹೆಂಗಸರು ಚುಕ್ಕಿಗಳಲ್ಲ ಕಣೋ. ಒಬ್ಬೊಬ್ಬಳಿಗೂ ಒಂದೊಂದು ಬುದ್ಧಿ.”

“ಇರಲಿ. ಒಬ್ಬಳು ಏನು ಮಾಡ್ತಾಳೆ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ. ಆದರೆ ಹೆಂಗಸರು ತುಂಬಿದ ಒಂದು ಹಾಲು ಎಷ್ಟು ಬೇಗ ಖಾಲಿಯಾಗುತ್ತೆ ಅಂತ ಸುಮಾರಾಗಿ ಹೇಳಬಹುದು. ಈಗ ನಿಮ್ಮ ಲೆಕ್ಕದ ಹಾಗೇ ಶುರು ಮಾಡ್ತೀನಿ.”

ಇನ್‌ಸ್ಪೆಕ್ಟರಮ್ಮನ ಲೆಕ್ಕ ಸರಳವಾಗಿತ್ತು. ಟೀ ಗಂಟೆ ಹೊಡೆಯುವಾಗ ಮಾಸ್ಟರ್ ಬದುಕಿದ್ದರು. ಅದು ಖಚಿತ. ಮುಂದಿನ ಕಟ್ಟಡದಲ್ಲಿದ್ದ ಮ್ಯಾನೇಜರು ಆಗ ಮಾಸ್ಟರ ಕೋಣೆಗೆ ಫೋನು ಮಾಡಿ ಅವರೊಡನೆ ಮಾತಾಡುತ್ತಿದ್ದರು; ಗಂಟೆಯ ಸದ್ದು ಫೋನಿನೊಳಗೂ ಕೇಳಿಸಿತ್ತು. ಅಂದರೆ ಗಂಟೆಯಾದ ಮೇಲೆ ಬಿದ್ದಿದ್ದಾರೆ. ಗೋದಾಮಿನಲ್ಲಿ ಯಾರೋ ಸದ್ದು ಕೇಳಿದ್ದಾರೆ, ಸುದ್ದಿ ಕೆಳಗಿನಿಂದ ಮೇಲೆ ಹತ್ತಿದೆ.

ಮೈದುನ ಗೋದಾಮಿನ ಒಂದು ಚುಕ್ಕಿಗೆ ಕೆಂಪು ಬಳಿದ. ಕೆಂಪು ಮೆಟ್ಟಿಲು ಹತ್ತಿತು. ಹೊಲಿಗೆ ಹಾಲಿನ ಬಾಗಿಲ ಬಳಿ ನಾಲ್ಕು ಚುಕ್ಕಿ ಕೆಂಪಾದವು, ಎದ್ದು ಓಡಿದವು. ಓಡಿದವರ ಜೊತೆ ಸುದ್ದಿಯೂ ಹೊರಗೆ ಹೋಯಿತು. ಒಳಗಿನ ಸಾಲುಗಳು ಬೂದಾಗಿಯೇ ಉಳಿದವು.

“ನೋಡಿದ್ರಾ? ಎಷ್ಟು ಸಲ ಬಿಟ್ಟರೂ ಹೀಗೇ. ಇಲ್ಲಾ ಸಾಯುತ್ತೆ, ಇಲ್ಲಾ ಆಮೆ ಹಾಗೆ ತೆವಳುತ್ತೆ. ಈಗ ಹೇಳಿ, ಟೀಯವನು ಏನಂದ?”

ಇನ್‌ಸ್ಪೆಕ್ಟರಮ್ಮನಿಗೆ ಟೀಯವನ ಮುಖ ನೆನಪಾಯಿತು. ಗಂಟೆ ಹೊಡೆದ ಹಿಂದೆಯೇ ಕೆಟಲು ಹಿಡಿದು ಹೊಲಿಗೆ ಹಾಲಿಗೆ ಬಂದವನು ಅವನು. ಅವನಿಗೆ ಕಂಡದ್ದು ಖಾಲಿ ಸ್ಟೂಲುಗಳು, ಮೋಟರು ಓಡುತ್ತಲೇ ಇದ್ದ ಮೆಷಿನ್ನುಗಳು. “ಭೂತ ಹೊಲೀತಿದೆ ಅನ್ನಿಸ್ತು ಮೇಡಂ,” ಅಂದಿದ್ದ.

“ಹಾಲು ಖಾಲಿಯಾಗಿತ್ತು ಅಂದ.”

“ಗಂಟೆ ಹೊಡೆದ ತಕ್ಷಣ ಖಾಲಿ. ಈಗ ಇದನ್ನು ನೋಡಿ.”

ಈ ಸಲ ಅವನು ಗೋದಾಮನ್ನು ಮುಟ್ಟಲಿಲ್ಲ. ಪ್ಯಾಕಿಂಗ್ ಮಹಡಿಯ ಒಂದು ಚುಕ್ಕಿಗೆ ಬಣ್ಣ ಬಳಿದ. ಅಲ್ಲಿ ಮೆಷಿನ್ನಿನ ಸದ್ದಿಲ್ಲ. ಕೆಂಪು ಎಣ್ಣೆಯ ಹಾಗೆ ಹರಡಿತು. ಇಡೀ ಮಹಡಿ ಒಟ್ಟಿಗೆ ಎದ್ದು ಮೆಟ್ಟಿಲಿಳಿಯಿತು. ಹೊಲಿಗೆ ಹಾಲಿನ ಬಾಗಿಲ ಮುಂದೆ ಆ ಗುಂಪು ಹಾದುಹೋದಾಗ ಒಳಗಿನ ಸಾಲುಗಳೆಲ್ಲ ಒಮ್ಮೆಗೇ ಕೆಂಪಾಗಿ ಹೊರಗೆ ಸುರಿದವು. ಕಟಿಂಗ್ ಹಾಲಿನ ಚುಕ್ಕಿಗಳೂ ಕೆಳಗಿನ ಗದ್ದಲಕ್ಕೆ ಇಳಿದುಬಂದವು. ಆಮೇಲೆ ಪರದೆಯ ಮೂಲೆಯಲ್ಲಿ ಗಂಟೆಯ ಚಿತ್ರ ಮಿನುಗಿತು.

“ಹೀಗೆ ಶುರುವಾದರೆ ಮಾತ್ರ ಟೀಯವನಿಗೆ ಖಾಲಿ ಹಾಲು ಸಿಗುತ್ತೆ. ಗಂಟೆಗಿಂತ ಮೊದಲೇ ಶುರುವಾಗಬೇಕು.”

ಇನ್‌ಸ್ಪೆಕ್ಟರಮ್ಮ ಪರದೆಯ ಮೇಲಿನ ಗಂಟೆಗೆ ಬೆರಳು ತೋರಿದರು.

“ಗಂಟೆ ಹೊಡೆದಾಗ ಮಾಸ್ಟರ್ ಬದುಕಿದ್ದರಲ್ಲೋ!”

“ಅದು ನಿಮ್ಮ ಇಲಾಖೆ ಅತ್ತಿಗೆ.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಕೇಳಿದೀನಿ. ಹೆಣ ಬೀಳೋಕೆ ಮುಂಚೆ ಅಳೋದು ಎಲ್ಲೂ ಕೇಳಿಲ್ಲ.”

ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದರು. ಮ್ಯಾನೇಜರು ಸುಳ್ಳು ಹೇಳಿದರೇ? ಇಲ್ಲ, ಅವರ ಎದುರಿಗೇ ಇಬ್ಬರು ಗಿರಾಕಿಗಳು ಕೂತಿದ್ದರು. ಟೀಯವನು ಸುಳ್ಳು ಹೇಳಿದನೇ? ಅವನಿಗೇನು ಲಾಭ?

ಆಗ ಇನ್ನೊಂದು ಸಂಗತಿ ನೆನಪಾಗಿ ಅವರ ಬೆನ್ನು ನೆಟ್ಟಗಾಯಿತು. ಗೋದಾಮಿನ ಕಡೆಯಿಂದ ಲಿಫ್ಟಿನ ಗುಂಡಿಗೆ ತಗಡಿನ ಬಾಗಿಲು. ಅವತ್ತು ಅದು ಕಚ್ಚಿಕೊಂಡಿತ್ತು. ಲಿಫ್ಟಿನವನು ಸಲಾಕೆ ಹುಡುಕಿ ತಂದು ಮೀಟುವವರೆಗೂ ಅಷ್ಟೂ ಜನ ಮುಚ್ಚಿದ ಬಾಗಿಲ ಮುಂದೆ ನಿಂತು ಗೋಳಾಡಿದ್ದರು.

ಯಾರೂ ಒಳಗೆ ನೋಡಿರಲಿಲ್ಲ. ಅಷ್ಟು ಜನ ಅತ್ತದ್ದು ಖಾಲಿ ಗುಂಡಿಯ ಮುಂದೆ. ಮಾಸ್ಟರು ಆಗ ಮೇಲೆ ತಮ್ಮ ಕೋಣೆಯಲ್ಲಿ ಫೋನು ಹಿಡಿದು ನಿಂತಿದ್ದರು! ಅವರು ಕೆಳಗೆ ಬಂದದ್ದು ಆ ಅಳುವಿನ ನಡುವೆ. ಆ ಗದ್ದಲದಲ್ಲಿ ಬಿದ್ದ ಸದ್ದು ಯಾರಿಗೂ ಕೇಳಿಸಲಿಲ್ಲ.

“ಒಂದು ಮಾತು ಅತ್ತಿಗೆ,” ಎಂದ ಮೈದುನ. ದನಿ ಸ್ವಲ್ಪ ಇಳಿದಿತ್ತು. “ಯಾರು ಹೇಳಿದರು ಅಂತ ಕೇಳಬೇಡಿ. ಅದು ಅವರಿಗೇ ಕಲಸಿಹೋಗಿರುತ್ತೆ. ಸುದ್ದಿ ಕೇಳಿದಾಗ ಯಾವ ಕಡೆಗೆ ತಿರುಗಿದ್ರಿ ಅಂತ ಕೇಳಿ. ಬಾಯಿ ಮರೆತರೂ ಕುತ್ತಿಗೆ ಮರೆಯಲ್ಲ.”

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರಮ್ಮ ಕಾರ್ಖಾನೆಯ ಮೆಟ್ಟಿಲು ಹತ್ತುವಾಗ ಮೆಷಿನ್ನುಗಳ ಸದ್ದಿಗೆ ಗೋಡೆಗಳೇ ಗುಂಯ್‌ಗುಡುತ್ತಿದ್ದವು. ಹೊಲಿಗೆ ಹಾಲಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಮೇಲಿನ ಪ್ಯಾಕಿಂಗ್ ಮಹಡಿ ಬೇರೆಯೇ ಲೋಕ. ಇಸ್ತ್ರಿಯ ಹಬೆ, ಬೆಚ್ಚಗಿನ ಬಟ್ಟೆಯ ವಾಸನೆ, ಉದ್ದನೆಯ ಮೇಜುಗಳ ಸುತ್ತ ಮಾತೋ ಮಾತು.

ಮಾತು ಗಪ್ಪೆಂದು ನಿಂತಿತು.

“ಹೆದರಬೇಡ್ರಮ್ಮ. ಯಾರು ಹೇಳಿದ್ರು ಅಂತ ಇವತ್ತು ಕೇಳಲ್ಲ. ಆ ಮಾತು ಕಿವಿಗೆ ಬಿದ್ದಾಗ ಯಾವ ಕಡೆ ತಿರುಗಿದ್ರಿ, ಅಷ್ಟು ತೋರಿಸಿ ಸಾಕು.”

ಹೆಂಗಸರು ಮುಖ ಮುಖ ನೋಡಿಕೊಂಡರು. ಇಸ್ತ್ರಿಯವಳು ಕಣ್ಣು ಮುಚ್ಚಿ, ಪೆಟ್ಟಿಗೆ ಹಿಡಿದವಳಂತೆ ಕೈ ಮಾಡಿ, ಎಡಕ್ಕೆ ತಿರುಗಿದಳು. ರಟ್ಟಿನ ಡಬ್ಬಿ ಕಟ್ಟುವವಳು ಬಲಕ್ಕೆ ಹೊರಳಿದಳು. ಚೀಟಿ ಅಂಟಿಸುವವಳು ಬೆನ್ನ ಹಿಂದಕ್ಕೆ.

ಎಡ, ಬಲ, ಹಿಂದೆ. ಇನ್‌ಸ್ಪೆಕ್ಟರಮ್ಮನಿಗೆ ಒಂದು ಕ್ಷಣ ತಲೆ ಗಿರ್ರೆಂದಿತು. ಇದೂ ಅಂಗಿ ಹೊಲಿದ ಕಥೆಯೇ ಆಯಿತಲ್ಲ! ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಒಬ್ಬೊಬ್ಬರು ಕೂತದ್ದು ಒಂದೊಂದು ದಿಕ್ಕಿಗೆ. ಆದರೆ ಅಷ್ಟೂ ಮುಖಗಳು ಈಗ ಒಂದೇ ಬಾಗಿಲ ಕಡೆ ತಿರುಗಿದ್ದವು.

ಬಿಳಿ ಬಣ್ಣದ ಬಾಗಿಲು. ಕೆಂಪು ಗುರುತು. ಪ್ರಥಮ ಚಿಕಿತ್ಸೆಯ ಕೋಣೆ.

ಒಳಗೆ ಸಿಸ್ಟರಮ್ಮ ಹತ್ತಿಯನ್ನು ಸಣ್ಣ ಉಂಡೆ ಕಟ್ಟುತ್ತಿದ್ದರು. ವಯಸ್ಸಾದ ನರ್ಸು. ಸೂಜಿ ಚುಚ್ಚಿಕೊಂಡ ಬೆರಳು, ತಲೆಸುತ್ತು, ಗಂಡನ ಮೇಲಿನ ದೂರು, ಎಲ್ಲಕ್ಕೂ ಇಡೀ ಕಾರ್ಖಾನೆಗೆ ಅವರೇ ಮದ್ದು. ಮೊದಲ ದಿನ ವಿಚಾರಿಸಿದಾಗ “ಎಲ್ಲರ ಜೊತೆ ನಾನೂ ಓಡಿದೆ” ಅಂದಿದ್ದರು.

ಇನ್‌ಸ್ಪೆಕ್ಟರಮ್ಮ ಬಾಗಿಲು ಮುಂದೆ ಮಾಡಿ ಎದುರಿಗೆ ಕೂತರು. ರಾತ್ರಿಯೆಲ್ಲ ಹೊರಳಾಡಿ ಕಟ್ಟಿಕೊಂಡಿದ್ದ ಉತ್ತರವೊಂದು ಅವರ ಬಳಿ ಇತ್ತು. ಅದನ್ನೇ ಮೊದಲು ಮುಂದಿಟ್ಟರು.

“ಸಿಸ್ಟರಮ್ಮ, ಮಾಸ್ಟರು ಕೆಲಸ ಬಿಡೋರಿದ್ರಾ?”

“ಯಾಕಮ್ಮ?”

“‘ಮಾಸ್ಟರ್ ಹೋಗಿಬಿಟ್ರಂತೆ’ ಅಂತ ನೀವು ಯಾರಿಗೋ ಅಂದಿರಬಹುದು. ಕೆಲಸ ಬಿಟ್ಟು ಹೋದ್ರು ಅಂತ ನಿಮ್ಮ ಅರ್ಥ. ಕೇಳಿದೋರು ಜೀವ ಹೋಯ್ತು ಅಂದ್ಕೊಂಡ್ರು. ನಮ್ಮ ಭಾಷೇಲಿ ಎರಡಕ್ಕೂ ಒಂದೇ ಮಾತಲ್ವಾ? ಹೀಗಾಗಿದ್ರೆ ನಿಮ್ಮ ತಪ್ಪೇನೂ ಇಲ್ಲ. ಹೇಳಿಬಿಡಿ.”

ಹೌದು ಎಂದುಬಿಟ್ಟರೆ ಎಲ್ಲ ಸಲೀಸಾಗುತ್ತಿತ್ತು. ಸುದ್ದಿ ಸಾವಿಗಿಂತ ಮೊದಲು ಹೊರಟದ್ದು ಬರೀ ಮಾತಿನ ಎಡವಟ್ಟು ಎಂದಾಗುತ್ತಿತ್ತು. ಸಿಸ್ಟರಮ್ಮನಿಗೂ ಅದು ಗೊತ್ತಾಯಿತು. ತೆರೆದ ಬಾಗಿಲು ಕಂಡವರಂತೆ ಅವರ ಮುಖ ಒಮ್ಮೆ ಅರಳಿತು. ಆಮೇಲೆ ಕೈಯಲ್ಲಿದ್ದ ಹತ್ತಿ ಜಜ್ಜಿಹೋಯಿತು.

“ಇಲ್ಲಮ್ಮ. ‘ಹೋದ್ರು’ ಅಂತ ನಾನು ಅನ್ನಲಿಲ್ಲ.”

“ಮತ್ತೆ?”

“‘ಅಯ್ಯೋ, ಮಾಸ್ಟರ್ ಲಿಫ್ಟಿನ ಗುಂಡೀಲಿ ಬಿದ್ದು ಸತ್ತರು!’ ಅಂತಲೇ ಕೂಗಿದೆ. ಬಾಗಿಲು ತೆಗೆದು, ಎದೆ ಬಡ್ಕೊಂಡು ಕೂಗಿದೆ.”

ಹೊರಗೆ ಇಸ್ತ್ರಿಪೆಟ್ಟಿಗೆ ಬುಸ್ಸೆಂದಿತು. ಎಷ್ಟೋ ತಪ್ಪೊಪ್ಪಿಗೆ ಕೇಳಿದವರು ಇನ್‌ಸ್ಪೆಕ್ಟರಮ್ಮ. ಕೊಂದೆ ಅಂದವರನ್ನು ಕಂಡಿದ್ದರು. ಸಾಯುವ ಮೊದಲೇ ಸತ್ತರೆಂದು ಕೂಗಿದೆ ಅಂದವರು ಇವರೇ ಮೊದಲು.

“ಆಗ ಅವರು ಬದುಕಿದ್ರು ಸಿಸ್ಟರಮ್ಮ.”

“ಗೊತ್ತು. ಗೊತ್ತಿದ್ದೇ ಕೂಗಿದೆ.” ಸಿಸ್ಟರಮ್ಮ ಸೆರಗು ಕೈಗೆತ್ತಿಕೊಂಡರು. “ನನ್ನದು ಕರಿನಾಲಿಗೆ ಕಣಮ್ಮ. ಸುಳ್ಳು ಹೇಳಿದ್ದು ನಿಜ ಆಗಿಹೋಯ್ತು.”

“ಕರಿನಾಲಿಗೆ ಯಾರನ್ನೂ ಗುಂಡಿಗೆ ತಳ್ಳಲ್ಲ. ಹಾಗೆ ಕೂಗು ಅಂತ ನಿಮಗೆ ಹೇಳಿದ್ದು ಯಾರು?”

“ಹೇಳಿದ್ರೆ ನೀವು ನಂಬಲ್ಲ.”

“ಈಗ ನಾನು ನಂಬದೇ ಇರೋದು ಏನೂ ಉಳಿದಿಲ್ಲ. ಹೇಳಿ.”

“ಮಾಸ್ಟರೇ.”

ಇನ್‌ಸ್ಪೆಕ್ಟರಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

“ತಲೆನೋವಿನ ಮಾತ್ರೆ ಕೇಳ್ಕೊಂಡು ಬಂದ್ರು,” ಸಿಸ್ಟರಮ್ಮ ಈಗ ತಡೆಯಿಲ್ಲದೆ ಹೇಳುತ್ತಿದ್ದರು. “ಬಾಗಿಲು ಹಾಕ್ಕೊಂಡು ಎಲ್ಲ ಹೇಳಿದ್ರು. ಅವರ ಕೋಣೆಯಿಂದ ಹೊಸ ಉಡುಪಿನ ಮಾದರಿ ಕಾಗದಗಳು ಒಂದೊಂದೇ ಮಾಯ ಆಗ್ತಿದ್ವಂತೆ. ಇನ್ನೂ ಇಲ್ಲಿ ಹೊಲಿದೇ ಇರೋ ಅಂಗಿ ಬೇರೆ ಅಂಗಡೀಲಿ ನೇತಾಡ್ತಿತ್ತಂತೆ. ಕದಿಯೋನು ಒಳಗಿನೋನೇ, ಎಲ್ಲರ ಮಧ್ಯೆ ಇದ್ರೆ ಗೊತ್ತಾಗಲ್ಲ ಅಂದ್ರು. ‘ಎಲ್ಲರೂ ಓಡೋ ಹಾಗೆ ಮಾಡಬೇಕು ಸಿಸ್ಟರ್. ಎಲ್ಲ ಓಡಿದಾಗ ಒಬ್ಬ ಓಡಲ್ಲ. ಮಹಡಿ ಖಾಲಿಯಾಯ್ತು ಅಂತ ನನ್ನ ಕೋಣೆಗೆ ಬರ್ತಾನೆ. ನಾನು ಬೀರು ಹಿಂದೆ ನಿಂತಿರ್ತೀನಿ’ ಅಂದ್ರು.”

“ಅದಕ್ಕೆ ಸಾವಿನ ಸುದ್ದಿಯೇ ಬೇಕಿತ್ತಾ?”

“ನಾನೂ ಅದೇ ಕೇಳಿದೆ. ಬೆಂಕಿ ಅಂತ ಕೂಗ್ತೀನಿ, ಅಪಶಕುನದ ಮಾತು ಬೇಡ ಅಂದೆ. ನಕ್ಕುಬಿಟ್ರು. ಬೆಂಕಿ ಅಂದ್ರೆ ಮೆಟ್ಟಿಲಲ್ಲಿ ತುಳಿದಾಡಿ ಯಾರಾದ್ರೂ ಸಾಯ್ತಾರೆ. ಯಾರೋ ಸತ್ತರು ಅಂದ್ರೆ ನೋಡೋಕೆ ಓಡ್ತಾರೆ, ಒಬ್ಬರ ಹಿಂದೆ ಒಬ್ಬರು, ಎದ್ದುಬಿದ್ದು ಓಡಲ್ಲ. ಎಲ್ಲ ನೋಡಿ ಆಗಿದೆ ಅಂದ್ರು.”

“ನೋಡಿ ಆಗಿದೆಯಾ? ಎಲ್ಲಿ ನೋಡಿದ್ರಂತೆ?”

“ಕೂಗೋದೂ ಇಲ್ಲಿಂದಲೇ ಕೂಗಬೇಕು ಅಂದ್ರು. ಕೆಳಗಿಂದ ಕೂಗಿದ್ರೆ ಸುದ್ದಿ ಹೊಲಿಗೆ ಹಾಲಲ್ಲೇ ಸತ್ತುಹೋಗುತ್ತೆ ಅಂದ್ರು. ಸುದ್ದಿ ಸಾಯೋದು ಅಂದ್ರೇನೋ, ನಂಗೆ ತಿಳೀಲಿಲ್ಲ.”

ಇನ್‌ಸ್ಪೆಕ್ಟರಮ್ಮನ ಕೈ ಮೇಜಿನ ಅಂಚು ಹಿಡಿಯಿತು.

“ಈ ಉಪಾಯ ಮಾಸ್ಟರ ತಲೇಲೇ ಹುಟ್ಟಿದ್ದಾ?”

“ಇಲ್ವಂತೆ. ಯಾರೋ ಕಾಲೇಜಿನ ಮೇಷ್ಟ್ರು ಕಂಪ್ಯೂಟರಿನಲ್ಲಿ ತೋರಿಸಿದ್ರಂತೆ. ‘ಚುಕ್ಕಿ ಚುಕ್ಕಿ ಓಡಾಡ್ತವೆ ಸಿಸ್ಟರ್, ಥೇಟ್ ನಮ್ಮ ಹುಡುಗೀರ ಹಾಗೇ’ ಅಂದ್ರು. ಪೊಲೀಸಿಗೆ ಹೇಳಿ ಮಾಡಿ ಅಂದೆ ನಾನು. ‘ಆ ಮೇಷ್ಟ್ರ ಮನೇಲೇ ಪೊಲೀಸರಿದ್ದಾರೆ, ಏನೂ ಹೆದರಿಕೆಯಿಲ್ಲ’ ಅಂದ್ರು. ಆ ಮಾತಿಗೇ ನಾನು ಒಪ್ಪಿದ್ದು.”

ಸಿಸ್ಟರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯೆತ್ತಿದರು. ಎದುರಿಗಿದ್ದವರ ಬಣ್ಣ ನೋಡಿ ಗಾಬರಿಯಾದರು.

“ಯಾಕಮ್ಮ, ತಲೆ ಸುತ್ತುತ್ತಾ? ನೀರು ಕೊಡ್ಲಾ?”

“ಬೇಡ.”

“ನಾನೇ ಕೊಂದ ಹಾಗಾಯ್ತಲ್ಲಮ್ಮ…”

“ನೀವು ಕೊಂದಿಲ್ಲ ಸಿಸ್ಟರಮ್ಮ. ಓಡದೆ ಉಳಿದ ಒಬ್ಬರು ಕೊಂದಿದ್ದಾರೆ. ಈ ಮಾತು ಇನ್ಯಾರ ಹತ್ತಿರವೂ ಎತ್ತಬೇಡಿ. ಯಾರು ಕೇಳಿದರೂ ಸರಿ. ನಮ್ಮವರೇ ಬಂದು ಕೇಳಿದರೂ ಹೇಳಬೇಡಿ.”

‘ನಮ್ಮವರು’ ಅಂದದ್ದು ಪೊಲೀಸರನ್ನೋ, ಮನೆಯವರನ್ನೋ, ಹೇಳಿದ ಅವರಿಗೇ ಸ್ಪಷ್ಟವಿರಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ನಿಂತು ಗೋಡೆಗೆ ಒರಗಿದರು. ತಾವು ಮದುವೆಯಾಗಿ ಬಂದಾಗ ಮೈದುನ ಇನ್ನೂ ಶಾಲೆಗೆ ಹೋಗುತ್ತಿದ್ದ. ಜ್ವರ ಬಂದರೆ ಅತ್ತಿಗೆಯ ಕೈಯಲ್ಲೇ ಗಂಜಿ ಕುಡಿಯುತ್ತೇನೆಂದು ಹಟ ಹಿಡಿಯುತ್ತಿದ್ದ. ಅವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ, ನಿನ್ನೆ ಕೆಂಪಾಗಿರಲಿಲ್ಲ. ಆದರೆ ನಿನ್ನೆ ಅವನು ಸುಳ್ಳೇನು ಹೇಳಿದ? ಒಂದೂ ಇಲ್ಲ. ಪ್ಯಾಕಿಂಗ್ ಮಹಡಿಗೆ ಹೋಗಿ ಅಂತ ಅವನೇ ಕೈ ಹಿಡಿದು ಕರೆದುತಂದ ಹಾಗೆ ದಾರಿ ತೋರಿಸಿದ. ಏನೂ ಗೊತ್ತಿಲ್ಲದವನ ಹಾಗೆ ತೋರಿಸಿದ, ಅಷ್ಟೇ. ಸಿಕ್ಕಿಬೀಳಲೆಂದು ತೋರಿಸಿದನೋ? ಬೇರೆ ಯಾರನ್ನಾದರೂ ಹಿಡಿಸಲೆಂದೋ? ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ ಹೀಗೆ ಹೇಳಿದನೋ?

ಎತ್ತ ಎಳೆದರೂ ದಾರ ಗಂಟಾಗುತ್ತಿತ್ತು.

ಫೋನು ತೆಗೆದು ಅವನ ಹೆಸರು ಒತ್ತಿದರು. ಮೊದಲ ಸದ್ದಿಗೇ ಎತ್ತಿದ, ಕಾದು ಕೂತಿದ್ದವನಂತೆ.

“ಹೇಳಿ ಅತ್ತಿಗೆ.”

ಹತ್ತು ಪ್ರಶ್ನೆಗಳು ಒಟ್ಟಿಗೇ ನುಗ್ಗಿ ಬಂದವು. ಇನ್‌ಸ್ಪೆಕ್ಟರಮ್ಮ ಒಂದನ್ನು ಮಾತ್ರ ಹೊರಗೆ ಬಿಟ್ಟರು.

“ಈ ಕಾರ್ಖಾನೆ ಒಳಗೆ ನೀನು ಎಷ್ಟು ಸಲ ಬಂದಿದ್ದೆ?”

ಕೆಳಗೆ ಹೊಲಿಗೆ ಹಾಲಿನ ಮೆಷಿನ್ನುಗಳು ಒಂದೇ ಸಮನೆ ಮೊರೆಯುತ್ತಿದ್ದವು. ಅವನ ಉಸಿರು ಮಾತ್ರ ಕಿವಿಗೆ ಹತ್ತಿರದಲ್ಲಿ ಕೇಳಿಸುತ್ತಿತ್ತು.

“ಒಂದೇ ಸಲ ಅತ್ತಿಗೆ,” ಎಂದ ಕೊನೆಗೆ. “ಅವತ್ತು.”